ಮುಗಿಲು ಮುಸುಕಿದಾಗ ಮೆಣಸಿನಕಾಯಿ

ಸುಗ್ಗಿಯ ದಿನಗಳಲ್ಲಿ ರೋಣ, ನರಗುಂದ, ಗಜೇಂದ್ರಗಡದ ಎರೆಸೀಮೆಯಲ್ಲಿ ಸಂಚರಿಸಿದವರಿಗೆ, ಹೊಲದ ಬದಿಯಲ್ಲಿ ಯಾರೋ ನವಲಗುಂದದ ಕೆಂಪು ಜಮಖಾನೆಯನ್ನು ಹಾಸಿದಂತೆ ಭಾಸವಾದೀತು. ಅದು ಒಣಹಾಕಿದ ಬ್ಯಾಡಗಿ ಮೆಣಸಿನಕಾಯಿ. ನೋಡುವವರಿಗೆ ಕಣ್ಣಿನ ಹಬ್ಬ. ಬೆಳೆದವನ ಕಣ್ಣು ಮಾತ್ರ ಮುಗಿಲಿನ ಮೇಲೆ. ಹಣ್ಣುಗಾಯಿಯಲ್ಲಿ ಮುಕ್ಕಾಲು ಪಾಲು ನೀರೇ. ಅದನ್ನು ನೂರಕ್ಕೆ ಹತ್ತರಷ್ಟಕ್ಕೆ ಇಳಿಸಲು ಒಂದೆರಡು ವಾರಗಳ ಬಿಸಿಲು ಬೇಕು. ನಡುವೆ ಅಕಾಲದ ಮಳೆ ಬಿದ್ದರೆ ಕಾಯಿ ಬಿಳಿಚಿಕೊಂಡು ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತವೆ. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಈ ಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಬಣ್ಣಕ್ಕೆ. ಬಣ್ಣ ಹೋಯಿತೆಂದರೆ ವರುಷದ ದುಡಿಮೆ ಹೋದಂತೆಯೇ.

ಹಾಗಾದರೆ ಬಿಸಿಗಾಳಿಯಿಂದ ಒಣಗಿಸಬಾರದೆ? ಒಣಗಿಸಬಹುದು, ಆದರೆ ಲೆಕ್ಕವೇ ಹೆದರಿಸುತ್ತದೆ. 100 ಕಿಲೋ ಹಣ್ಣುಗಾಯಿಯಿಂದ ಸುಮಾರು 72 ಕಿಲೋ ನೀರು ಹೋಗಬೇಕು. ಅದಷ್ಟೂ ಆವಿಯಾಗಲು 47 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಸಾಮಾನ್ಯ ಒಣಗೂಡುಗಳಲ್ಲಿ ಬಿಸಿಗಾಳಿಯು ಆವಿಯನ್ನು ಹೊತ್ತು ಹೊರಗೆ ನಡೆದುಬಿಡುವುದರಿಂದ ಖರ್ಚು ಇನ್ನೂ ಏರುತ್ತದೆ. ವಿಚಿತ್ರವೆಂದರೆ, ತೆತ್ತ ಶಾಖದ ಬಹುಭಾಗ ಆ ಆವಿಯೊಳಗೇ ಅಡಗಿರುತ್ತದೆ!

ಈ ಶಾಖವನ್ನು ಹಿಡಿದು ಮರಳಿ ದುಡಿಸುವ ಯಂತ್ರವೇ ಹೀಟ್ ಪಂಪ್. ಮನೆಯ ರೆಫ್ರಿಜರೇಟರಿನ ದಾಯಾದಿ. ಕೋಣೆಯ ತೇವದ ಗಾಳಿ ತಣ್ಣನೆಯ ಕೊಳವೆಯ ಸುರುಳಿಯನ್ನು ಸೋಕಿದಾಗ ಆವಿ ನೀರಾಗಿ ತೊಟ್ಟಿಕ್ಕಿ, ತನ್ನ ಶಾಖವನ್ನು ಸುರುಳಿಯೊಳಗಿನ ದ್ರವಕ್ಕೆ ಒಪ್ಪಿಸುತ್ತದೆ. ದ್ರವವು ಅನಿಲವಾಗಿ, ಕಂಪ್ರೆಸರಿನ ಒತ್ತಡಕ್ಕೆ ಸಿಕ್ಕಿ ಮತ್ತಷ್ಟು ಬಿಸಿಯಾಗಿ, ಎರಡನೆಯ ಸುರುಳಿಯಲ್ಲಿ ಅದೇ ಗಾಳಿಯನ್ನು ಕಾಯಿಸುತ್ತದೆ. ಇಲ್ಲಿ ವಿದ್ಯುತ್ತು ವ್ಯಯವಾಗುವುದು ಶಾಖವನ್ನು ಹುಟ್ಟಿಸಲಿಕ್ಕಲ್ಲ, ಸಾಗಿಸಲಿಕ್ಕೆ. ಒಳ್ಳೆಯ ಯಂತ್ರ ಒಂದು ಯೂನಿಟ್ಟಿಗೆ ಎರಡು ಕಿಲೋ ನೀರನ್ನು, ಒಮ್ಮೊಮ್ಮೆ ಹೆಚ್ಚನ್ನೂ, ತೆಗೆಯಬಲ್ಲದು. ಮೇಲಿನ 72 ಕಿಲೋ ನೀರಿಗೆ 36 ಯೂನಿಟ್ ಸಾಕು. ಗಾಳಿಯ ಕಾವು ಮಿತವಾಗಿರುವುದರಿಂದ ಬಣ್ಣಕ್ಕೂ ಕ್ಷೇಮ. ತತ್ತ್ವ ಹೊಸದಲ್ಲ, ಆವಿಯ ಶಾಖವನ್ನು ಮರಳಿ ಬಳಸುವ ಉಪಾಯವನ್ನು ಆಸ್ಟ್ರಿಯದ ಪೀಟರ್ ಫಾನ್ ರಿಟ್ಟಿಂಗರ್ 1850ರ ದಶಕದಲ್ಲೇ ಉಪ್ಪಿನ ಕಾರ್ಖಾನೆಯಲ್ಲಿ ಪ್ರಯೋಗಿಸಿದ್ದನು.

ಆದರೂ ಬಿಸಿಲು ಪುಕ್ಕಟೆ, ಯಂತ್ರ ದುಬಾರಿ. ನಾಲ್ಕೆಕರೆಯ ರೈತ ಸಾಲ ಮಾಡಿ ಇದನ್ನು ಕೊಳ್ಳುವುದು ವಿವೇಕವಲ್ಲ. ಊರಿನ ರೈತರು ಸಂಘ ಕಟ್ಟಿಕೊಂಡು ಒಂದನ್ನು ಹೂಡಿದರೆ ಆ ಮಾತು ಬೇರೆ. ಆಗಲೂ ಕಾಯಿಯನ್ನು ಕೊನೆಯವರೆಗೆ ಯಂತ್ರದಲ್ಲೇ ಇಡಬೇಕಾಗಿಲ್ಲ. ಕಾಯಿ ಹಸಿಯಿದ್ದಷ್ಟೂ ಆವಿ ಹೆಚ್ಚು, ಯಂತ್ರದ ಲಾಭವೂ ಹೆಚ್ಚು; ಬೂಷ್ಟಿನ ಭಯವೂ ಆಗಲೇ. ಒಣಗುತ್ತ ಬಂದಂತೆ ಲಾಭ ಇಳಿಯುತ್ತದೆ. ಮೋಡವಿದ್ದಾಗ ಮೊದಲ ನೀರನ್ನು ಯಂತ್ರ ತೆಗೆಯಲಿ. ಮುಗಿಲು ತಿಳಿಯಾದ ಮೇಲೆ ಉಳಿದುದನ್ನು ಕಣದ ಬಿಸಿಲು ನೋಡಿಕೊಳ್ಳುತ್ತದೆ.