ರೇಟು ಬಿದ್ದ ಟೊಮೆಟೊ, ಶಾಲೆಯ ಸಾಂಬಾರು

ಈ ಟೊಮೆಟೊ ನೋಡಿ. ಕೆಂಪಗೆ, ಗಟ್ಟಿಯಾಗಿದೆ, ಒಂದು ಕಲೆಯೂ ಇಲ್ಲ. ಆದ್ರೂ ತಮಿಳುನಾಡಿನ ರಾಯಕೋಟೆ ಕಡೆ ರೇಟು ಬಿದ್ದರೆ ಇದು ಗಿಡದಲ್ಲೇ ಕೊಳೆಯುತ್ತೆ. ಯಾಕೆ? ಕೀಳೋ ಕೂಲಿ, ಕ್ರೇಟು, ಟೆಂಪೊ ಬಾಡಿಗೆ, ಮಂಡಿ ಕಮಿಷನ್ ಎಲ್ಲ ಕಳೆದ ಮೇಲೆ ರೈತನ ಕೈಗೆ ಏನೂ ಉಳಿಯಲ್ಲ. ಕಿತ್ತಷ್ಟೂ ನಷ್ಟ.

ಈಗ ತಳಿ, ಡೆಂಕಣಿಕೋಟೆ ಕಡೆಯ ಹಳ್ಳಿ ಶಾಲೆಗೆ ಬನ್ನಿ. ಕನ್ನಡ ಮಾತಾಡೋ ಮಕ್ಕಳೂ ಓದೋ ಶಾಲೆಗಳಿವು. ತಮಿಳುನಾಡಿನ ಬೆಳಗಿನ ಉಪಾಹಾರ ಯೋಜನೆ 2022ರ ಸೆಪ್ಟೆಂಬರ್ 15ರಂದು ಮದುರೆಯಲ್ಲಿ ಶುರುವಾಯ್ತು. ಮರುವರ್ಷ ಆಗಸ್ಟ್ 25ಕ್ಕೆ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗೂ ಬಂತು. ಒಂದು ಮಗುವಿಗೆ 50 ಗ್ರಾಂ ಅಕ್ಕಿ ಇಲ್ಲವೇ ರವೆ, ಸಾಂಬಾರಿಗೆ 15 ಗ್ರಾಂ ಬೇಳೆ, ಜೊತೆಗೆ ಆಯಾ ಊರಲ್ಲಿ ಸಿಗೋ ತರಕಾರಿ. ಆ ಕೊನೆಯ ಮಾತು ಗಮನಿಸಿದ್ರಾ?

ತೋಟದಿಂದ ತಟ್ಟೆಗೆ ನೇರ ದಾರಿಯೂ ಹೊಸದೇನಲ್ಲ. ತಮಿಳಲ್ಲಿ ಉಳವರ್ ಸಂದೈ, ನಮ್ಮ ಬಾಯಲ್ಲಿ ರೈತರ ಸಂತೆ, 1999ರಲ್ಲೇ ಶುರುವಾಗಿದ್ದು. ಹೊಸೂರಲ್ಲೂ ಇದೆ. ಗುರುತಿನ ಚೀಟಿ ಇರೋ ರೈತರೇ ಕೂತು ಮಾರ್ತಾರೆ. ದಲ್ಲಾಳಿ ಇಲ್ಲ, ದಿನದ ರೇಟು ಬೋರ್ಡ್ ಮೇಲಿರುತ್ತೆ. ಬೆಳ್ಳಂಬೆಳಗ್ಗೆ ಬೀನ್ಸ್, ಎಲೆಕೋಸು, ಇನ್ನೂ ಮಣ್ಣಂಟಿದ ಮೂಲಂಗಿ.

ಒಂದು ಶಾಲೆಯ ಸಾಂಬಾರು ಟೆಂಪೊಗಟ್ಟಲೆ ಟೊಮೆಟೊ ಖಾಲಿ ಮಾಡಲ್ಲ, ಒಪ್ಪೋಣ. ಆದ್ರೆ ಶಾಲೆ ನಡೆಯೋಷ್ಟು ದಿನ ತಪ್ಪದ ಗಿರಾಕಿ ಅದು.

ಅಣ್ಣಾ, ಹಳ್ಳಿ ಶಾಲೆಯಲ್ಲಿ ಬೆಳಗಿನ ತಿಂಡಿ ಮಾಡೋರು ಮಹಿಳಾ ಸಂಘದ ಅಕ್ಕಂದಿರೇ. ಮುಂದಿನ ಸಲ ಟೊಮೆಟೊನ ಗಿಡದಲ್ಲೇ ಕೊಳೆಯೋಕೆ ಬಿಡೋ ಮುಂಚೆ ಅವರನ್ನ ಒಂದು ಮಾತು ಕೇಳಿ ನೋಡಿ.