ಕ್ರಯಕರಾರಿನ ಪಾಲನೆ: ಮನೆ ಕೊಳ್ಳುವವರಿಗೆ ಕಾನೂನಿನ ರಕ್ಷಣೆ

ಸಾಮಾನ್ಯ ಕುಟುಂಬವೊಂದು ತನ್ನ ಜೀವಮಾನದಲ್ಲಿ ಮಾಡುವ ಅತಿ ದೊಡ್ಡ ವ್ಯವಹಾರವೆಂದರೆ ಮನೆಯ ಖರೀದಿ. ಇದಕ್ಕಾಗಿ ಹಲವು ವರ್ಷಗಳ ಉಳಿತಾಯ, ನಿವೃತ್ತಿಯ ಕಾಲದಲ್ಲಿ ಕೈಸೇರಿದ ಭವಿಷ್ಯನಿಧಿ, ಬ್ಯಾಂಕಿನ ಸಾಲ ಎಲ್ಲವೂ ಒಟ್ಟುಗೂಡುತ್ತವೆ. ಇಂಥ ವ್ಯವಹಾರದಲ್ಲಿ ಮುಂಗಡ ಪಡೆದ ಮಾರಾಟಗಾರನು ಮಾತಿಗೆ ತಪ್ಪಿದರೆ ಕುಟುಂಬದ ಭವಿಷ್ಯವೇ ಅಸ್ಥಿರವಾಗುತ್ತದೆ. ಕಾನೂನು ಇದಕ್ಕೆ ಪರಿಹಾರಗಳನ್ನು ಒದಗಿಸಿದೆ. ಆದರೆ ಅವು ಸಕಾಲದಲ್ಲಿ ಎಚ್ಚೆತ್ತು, ತನ್ನ ಕರ್ತವ್ಯವನ್ನು ತಾನು ಪಾಲಿಸಿದವನಿಗೆ ಮಾತ್ರ ದೊರೆಯುತ್ತವೆ.

ಮುಂಬಯಿ ಉಪನಗರ ಜಿಲ್ಲೆಯ ಚೆಂಬೂರು ಈ ವಿಷಯವನ್ನು ಅರಿಯಲು ಉತ್ತಮ ನಿದರ್ಶನ. ದೇಶ ವಿಭಜನೆಯ ನಂತರ ನಿರಾಶ್ರಿತರಿಗೆ ಆಶ್ರಯ ನೀಡಿದ ಈ ಪ್ರದೇಶಕ್ಕೆ ಸಮೀಪದ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರ, ರಸಗೊಬ್ಬರ ಕಾರ್ಖಾನೆ ಮತ್ತು ತೈಲ ಶುದ್ಧೀಕರಣ ಘಟಕಗಳಿಂದಾಗಿ ದೇಶದ ನಾನಾ ಭಾಗಗಳ ಜನರು ಬಂದು ನೆಲೆಸಿದರು. ಚೆಂಬೂರು ಕರ್ನಾಟಕ ಸಂಘದಂಥ ಸಂಸ್ಥೆಗಳು ಇಲ್ಲಿ ಬೇರೂರಿದ ಕನ್ನಡಿಗರ ನೆಲೆಗೆ ಸಾಕ್ಷಿಯಾಗಿವೆ. 2013ರಲ್ಲಿ ಈಸ್ಟರ್ನ್ ಫ್ರೀವೇ, 2014ರಲ್ಲಿ ಸಾಂತಾಕ್ರೂಜ್-ಚೆಂಬೂರು ಸಂಪರ್ಕ ರಸ್ತೆ ಸಂಚಾರಕ್ಕೆ ತೆರೆದ ಮೇಲೆ ಇಲ್ಲಿಂದ ನಗರದ ಇತರ ಭಾಗಗಳಿಗೆ ಹೋಗಿಬರುವುದು ಸುಲಭವಾಯಿತು. ಇಂಥ ಅನುಕೂಲಗಳು ಸ್ವತ್ತಿನ ಬೇಡಿಕೆಯನ್ನು ಹೆಚ್ಚಿಸುತ್ತವೆ. ಕರಾರಾದ ಬಳಿಕ ಬೆಲೆ ಏರಿದರೆ, ಹಳೆಯ ಬೆಲೆಗೆ ಮಾರಲು ಒಪ್ಪಿದವನಿಗೆ ಹಿಂಜರಿಯುವ ಆಸೆ ಹುಟ್ಟುತ್ತದೆ. ಬಹುತೇಕ ವಿವಾದಗಳ ಮೂಲ ಇಲ್ಲಿಯೇ ಇದೆ.

ಕರಾರು ಮತ್ತು ಕ್ರಯಪತ್ರ

ಕ್ರಯಕರಾರು ಮತ್ತು ಕ್ರಯಪತ್ರ ಒಂದೇ ಅಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 54ನೆಯ ಕಲಮಿನ ಪ್ರಕಾರ ಕರಾರು ತಾನಾಗಿಯೇ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಸೃಷ್ಟಿಸುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಮೌಲ್ಯದ ಸ್ಥಿರ ಸ್ವತ್ತಿನ ಮಾಲೀಕತ್ವ ನೋಂದಾಯಿತ ಕ್ರಯಪತ್ರದಿಂದ ಮಾತ್ರ ವರ್ಗವಾಗುತ್ತದೆ. ಸಾಮಾನ್ಯ ಅಧಿಕಾರಪತ್ರದ ಮೂಲಕ ನಡೆಯುವ ‘ಮಾರಾಟ’ದಿಂದ ಮಾಲೀಕತ್ವ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಕರಾರಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಕರಾರು ಮಾಡಿಕೊಂಡವನು ಕ್ರಯಪತ್ರ ಬರೆದುಕೊಡುವಂತೆ ಮಾರಾಟಗಾರನನ್ನು ಕಾನೂನಿನ ಮೂಲಕ ಒತ್ತಾಯಿಸಬಹುದು. ಅಲ್ಲದೆ, ಕ್ರಯ ಪೂರ್ಣಗೊಳ್ಳದಿರುವುದಕ್ಕೆ ಖರೀದಿದಾರನು ಕಾರಣನಲ್ಲದಿದ್ದಲ್ಲಿ, ಅವನು ಕೊಟ್ಟ ಹಣಕ್ಕೆ ಆ ಸ್ವತ್ತೇ ಭದ್ರತೆಯಾಗಿರುತ್ತದೆ.

ನಿರ್ದಿಷ್ಟ ಪಾಲನೆ

ಕರಾರಿನಲ್ಲಿ ಒಪ್ಪಿದ್ದನ್ನೇ ನೆರವೇರಿಸುವಂತೆ ನ್ಯಾಯಾಲಯವು ಆಜ್ಞಾಪಿಸುವುದನ್ನು ನಿರ್ದಿಷ್ಟ ಪಾಲನೆ ಎನ್ನುತ್ತಾರೆ. 1963ರ ನಿರ್ದಿಷ್ಟ ಪರಿಹಾರ ಅಧಿನಿಯಮವು ಇದನ್ನು ನಿಯಂತ್ರಿಸುತ್ತದೆ. ಹಿಂದೆ ಈ ಪರಿಹಾರ ನೀಡುವುದು ನ್ಯಾಯಾಲಯದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ, ಅಧಿನಿಯಮದಲ್ಲಿ ಹೇಳಿದ ಕೆಲವು ಅಪವಾದಗಳಿಗೊಳಪಟ್ಟು, ನ್ಯಾಯಾಲಯವು ಈ ಪರಿಹಾರವನ್ನು ನೀಡಲೇಬೇಕಾಗಿದೆ. ಸಮನ್ಸ್ ಜಾರಿಯಾದ ದಿನದಿಂದ ಹನ್ನೆರಡು ತಿಂಗಳೊಳಗೆ ದಾವೆಯನ್ನು ಇತ್ಯರ್ಥಗೊಳಿಸಬೇಕೆಂದೂ, ಕಾರಣಗಳನ್ನು ಬರಹದಲ್ಲಿ ದಾಖಲಿಸಿ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದೆಂದೂ ತಿದ್ದುಪಡಿ ಹೇಳುತ್ತದೆ.

ಉದಾಹರಣೆಗೆ, ಚೆಂಬೂರಿನ ಸಹಕಾರಿ ವಸತಿ ಸಂಘದ ಕಟ್ಟಡದಲ್ಲಿರುವ ಫ್ಲ್ಯಾಟೊಂದನ್ನು 90 ಲಕ್ಷ ರೂಪಾಯಿಗೆ ಮಾರಲು ಅದರ ಮಾಲೀಕ ಒಪ್ಪಿ, 10 ಲಕ್ಷ ಮುಂಗಡ ಪಡೆದು, ಆರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡುವುದಾಗಿ ಬರೆದುಕೊಟ್ಟಿರುವನೆಂದು ಭಾವಿಸಬಹುದು. ಅವಧಿ ಮುಗಿಯುವ ಮೊದಲೇ ಖರೀದಿದಾರನಿಗೆ ಬ್ಯಾಂಕಿನ ಸಾಲ ಮಂಜೂರಾಗಿದೆ. ಆದರೆ ಮಾಲೀಕನು ಹೆಚ್ಚಿನ ಬೆಲೆ ಕೇಳುತ್ತಾನೆ. ಇಂಥ ಸಂದರ್ಭದಲ್ಲಿ ಖರೀದಿದಾರನು ಮುಂಗಡವನ್ನು ಮರಳಿ ಪಡೆದು ಸುಮ್ಮನಿರಬೇಕೆಂದಿಲ್ಲ. ಒಪ್ಪಿದ ಬೆಲೆಗೇ ಫ್ಲ್ಯಾಟನ್ನು ಕೊಡಿಸುವಂತೆ ದಾವೆ ಹೂಡಬಹುದು. ಡಿಕ್ರಿಯಾದ ಮೇಲೂ ಮಾಲೀಕನು ಸಹಿ ಹಾಕಲು ನಿರಾಕರಿಸಿದರೆ ಅವನ ಪರವಾಗಿ ನ್ಯಾಯಾಲಯವೇ ಕ್ರಯಪತ್ರವನ್ನು ಬರೆದುಕೊಡುವ ವ್ಯವಸ್ಥೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿದೆ. ಆದರೆ ಡಿಕ್ರಿಯಲ್ಲಿ ಗೊತ್ತುಪಡಿಸಿದ ಅವಧಿಯೊಳಗೆ ಖರೀದಿದಾರನು ಉಳಿದ ಹಣವನ್ನು ಪಾವತಿ ಮಾಡದಿದ್ದರೆ, ಕರಾರನ್ನು ರದ್ದುಪಡಿಸುವಂತೆ ಮಾರಾಟಗಾರನು ಕೋರಬಹುದು.

ಸಿದ್ಧತೆ ಮತ್ತು ಇಚ್ಛೆ

ಅಧಿನಿಯಮದ 16ನೆಯ ಕಲಮಿನ ಪ್ರಕಾರ, ತಾನು ಕರಾರಿನ ತನ್ನ ಭಾಗವನ್ನು ನೆರವೇರಿಸಿದ್ದೇನೆ ಅಥವಾ ನೆರವೇರಿಸಲು ಸದಾ ಸಿದ್ಧನೂ ಇಚ್ಛುಕನೂ ಆಗಿದ್ದೆನೆಂದು ವಾದಿಯು ರುಜುವಾತುಪಡಿಸಬೇಕು. ಸಿದ್ಧತೆಯೆಂದರೆ ಹಣ ಹೊಂದಿಸುವ ಸಾಮರ್ಥ್ಯ. ಇಚ್ಛೆಯೆಂದರೆ ಆ ಸಾಮರ್ಥ್ಯಕ್ಕೆ ತಕ್ಕ ನಡವಳಿಕೆ. ನ್ಯಾಯಾಲಯವು ಆದೇಶಿಸದ ಹೊರತು ಹಣವನ್ನು ಮುಂಚಿತವಾಗಿ ಠೇವಣಿ ಇಡಬೇಕಾಗಿಲ್ಲ. ಆದರೂ ಬ್ಯಾಂಕಿನ ಲೆಕ್ಕಪತ್ರ, ಸಾಲ ಮಂಜೂರಾತಿ ಪತ್ರ, ಕ್ರಯಪತ್ರಕ್ಕಾಗಿ ಒತ್ತಾಯಿಸಿದ ಪತ್ರಗಳು ಮತ್ತು ನೋಟೀಸಿನ ಅಂಚೆ ರಸೀದಿ ಇವೆಲ್ಲ ಸಾಕ್ಷ್ಯವಾಗುತ್ತವೆ. ಇದಕ್ಕೆ ವ್ಯತಿರಿಕ್ತವಾಗಿ, ಕರಾರು ಮುರಿದುಬಿತ್ತೆಂದು ತಾನೇ ಬರೆದು ಹಣ ಮಾತ್ರ ವಾಪಸು ಕೇಳಿದವನು ನಂತರ ಮನೆಯನ್ನೇ ಕೋರುವುದು ಕಷ್ಟವಾಗುತ್ತದೆ. ಆದ್ದರಿಂದ ಮೊದಲ ಪತ್ರವನ್ನು ಬರೆಯುವ ಮುನ್ನವೇ ಬೇಕಾದುದು ಮನೆಯೋ ಹಣವೋ ಎಂಬುದನ್ನು ನಿರ್ಧರಿಸಿಕೊಳ್ಳುವುದು ಒಳಿತು.

ಕಾಲದ ಮಹತ್ವ

1963ರ ಕಾಲಪರಿಮಿತಿ ಅಧಿನಿಯಮದ 54ನೆಯ ಅನುಚ್ಛೇದದಂತೆ ಈ ದಾವೆಯನ್ನು ಮೂರು ವರ್ಷಗಳೊಳಗೆ ಹೂಡಬೇಕು. ಕರಾರಿನಲ್ಲಿ ದಿನಾಂಕ ಗೊತ್ತುಪಡಿಸಿದ್ದರೆ ಆ ದಿನದಿಂದಲೂ, ಇಲ್ಲದಿದ್ದರೆ ಮಾರಾಟಗಾರನು ನಿರಾಕರಿಸಿದನೆಂದು ತಿಳಿದುಬಂದ ದಿನದಿಂದಲೂ ಅವಧಿ ಎಣಿಕೆಯಾಗುತ್ತದೆ.

ಮೂರು ವರ್ಷಗಳಿವೆಯೆಂದು ನಿಶ್ಚಿಂತರಾಗಿರುವುದೂ ಅಪಾಯಕರ. ಸ್ಥಿರ ಸ್ವತ್ತಿನ ಕರಾರಿನಲ್ಲಿ ಸಾಮಾನ್ಯವಾಗಿ ಕಾಲವೇ ಸಾರವಲ್ಲ, ಅಂದರೆ ಗೊತ್ತಾದ ದಿನ ಮೀರಿದ ಮಾತ್ರಕ್ಕೆ ಕರಾರು ಬಿದ್ದುಹೋಗುವುದಿಲ್ಲ ಎಂಬ ತತ್ವವನ್ನು ಮುಂಬಯಿಯಿಂದ ಬಂದ ಮೇಲ್ಮನವಿಯೊಂದರಲ್ಲಿ ಪ್ರಿವಿ ಕೌನ್ಸಿಲ್ 1915ರಲ್ಲಿಯೇ ಎತ್ತಿಹಿಡಿದಿತ್ತು. ಆದರೆ 1992ರ ಚಾಂದ್ ರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಹಾಗಿದ್ದರೂ ನ್ಯಾಯಸಮ್ಮತ ಅವಧಿಯೊಳಗೆ ಕರಾರು ನೆರವೇರಬೇಕೆಂದು ಹೇಳಿತು. 1997ರಲ್ಲಿ ತೀರ್ಮಾನವಾದ ಮಧುರೆಯ ಮನೆಯೊಂದರ ಮೊಕದ್ದಮೆಯಲ್ಲಿ ಖರೀದಿದಾರನು 60,000 ರೂಪಾಯಿ ಬೆಲೆಯ ಪೈಕಿ 5,000 ಮಾತ್ರ ಕೊಟ್ಟು, ಕರಾರಿನ ಆರು ತಿಂಗಳ ಅವಧಿ ಮೀರಿದ ಮೇಲೂ ಬಹುಕಾಲ ಸುಮ್ಮನಿದ್ದನು. ನಗರಗಳಲ್ಲಿ ಸ್ವತ್ತಿನ ಬೆಲೆ ತೀವ್ರವಾಗಿ ಏರುತ್ತಿರುವಾಗ ಇಂಥ ವಿಳಂಬವನ್ನು ಕಡೆಗಣಿಸಲಾಗದೆಂದು ಹೇಳಿ, ದಾವೆ ಮೂರು ವರ್ಷಗಳೊಳಗೆ ಬಂದಿದ್ದರೂ ಸರ್ವೋಚ್ಚ ನ್ಯಾಯಾಲಯವು ಅವನಿಗೆ ನಿರ್ದಿಷ್ಟ ಪಾಲನೆಯನ್ನು ನಿರಾಕರಿಸಿತು.

ಸ್ವತ್ತು ಕೈಜಾರದಂತೆ ಎಚ್ಚರಿಕೆ

ದಾವೆ ನಡೆಯುತ್ತಿರುವಾಗ ಮಾರಾಟಗಾರನು ಸ್ವತ್ತನ್ನು ಬೇರೊಬ್ಬನಿಗೆ ಮಾರುವ ಸಂಭವವಿರುತ್ತದೆ. ಅದಕ್ಕಾಗಿ ತಾತ್ಕಾಲಿಕ ತಡೆಯಾಜ್ಞೆಯನ್ನು ಕೋರಬೇಕು. ಕರಾರಿನ ವಿಷಯ ತಿಳಿಯದೆ, ಸದ್ಭಾವನೆಯಿಂದ ಪೂರ್ಣ ಹಣ ಕೊಟ್ಟು ಕೊಂಡ ಮೂರನೆಯ ವ್ಯಕ್ತಿಗೆ ಕಾನೂನು ರಕ್ಷಣೆ ನೀಡುತ್ತದೆ. ಕರಾರು ನೋಂದಣಿಯಾಗಿದ್ದರೆ ತಿಳಿದಿರಲಿಲ್ಲವೆಂಬ ವಾದಕ್ಕೆ ಎಡೆಯಿರುವುದಿಲ್ಲ. ನೋಂದಣಿಯಾಗದ ಕರಾರನ್ನೂ ನಿರ್ದಿಷ್ಟ ಪಾಲನೆಯ ದಾವೆಯಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದರೆ ಸಾಕಷ್ಟು ಮುದ್ರಾಂಕ ಶುಲ್ಕ ಪಾವತಿಯಾಗಿರದ ಕರಾರನ್ನು, ಕೊರತೆಯ ಶುಲ್ಕವನ್ನೂ ದಂಡವನ್ನೂ ಕಟ್ಟುವವರೆಗೆ, ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ.

ಮುಂಬಯಿಯಲ್ಲಿ ಇನ್ನೊಂದು ವಿಶೇಷ ನಿಯಮವಿದೆ. ಸ್ವತ್ತಿನ ಬಗ್ಗೆ ದಾವೆ ಬಾಕಿ ಇರುವಾಗ ನಡೆದ ವರ್ಗಾವಣೆ ದಾವೆಯ ತೀರ್ಪಿಗೆ ಬದ್ಧವಾಗಿರುತ್ತದೆ ಎಂಬುದು ಸಾಮಾನ್ಯ ನಿಯಮ. ಆದರೆ 1939ರ ಮುಂಬಯಿ ತಿದ್ದುಪಡಿಯಂತೆ, ದಾವೆ ಬಾಕಿ ಇರುವ ಬಗ್ಗೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸೂಚನೆಯನ್ನು ನೋಂದಾಯಿಸಿದರೆ ಮಾತ್ರ ಇಲ್ಲಿ ಆ ರಕ್ಷಣೆ ದೊರೆಯುತ್ತದೆ. ಅನೇಕರು ಇದನ್ನು ಅರಿಯದೆ ನಷ್ಟಕ್ಕೀಡಾಗುವ ಸಾಧ್ಯತೆಯಿದೆ.

ಹಣ ವಾಪಸು ಮತ್ತು ನಷ್ಟಪರಿಹಾರ

ನಿರ್ದಿಷ್ಟ ಪಾಲನೆ ದೊರೆಯದೆ ಹೋದರೆ ಮುಂಗಡ ಹಣವನ್ನಾದರೂ ಮರಳಿ ಕೊಡಿಸಬೇಕೆಂದು ದಾವೆಯಲ್ಲಿಯೇ ಪರ್ಯಾಯವಾಗಿ ಕೋರಿಕೊಳ್ಳಬೇಕು. ಕೋರದ ಪರಿಹಾರವನ್ನು ನ್ಯಾಯಾಲಯವು ನೀಡುವಂತಿಲ್ಲವೆಂದು 22ನೆಯ ಕಲಂ ಹೇಳುತ್ತದೆ. ಆದರೆ ನಂತರವೂ ತಿದ್ದುಪಡಿ ಮಾಡಿ ಸೇರಿಸಲು ಅವಕಾಶವಿದೆ. ಸ್ವತ್ತಿನ ಸ್ವಾಧೀನವನ್ನೂ ಹೀಗೆಯೇ ಕೋರಬೇಕು. ಕರಾರಿನ ಭಂಗದಿಂದಾದ ನಷ್ಟಕ್ಕೆ ಪರಿಹಾರವನ್ನೂ ಕೇಳಬಹುದು. ಈ ಹಕ್ಕು ಏಕಪಕ್ಷೀಯವಲ್ಲ: ತಪ್ಪು ಖರೀದಿದಾರನದಾದರೆ ಮಾರಾಟಗಾರನೂ ನಿರ್ದಿಷ್ಟ ಪಾಲನೆಯನ್ನೋ ನಷ್ಟಪರಿಹಾರವನ್ನೋ ಕೋರಬಹುದು.

ಚೆಂಬೂರಿನ ಸ್ವತ್ತಿಗೆ ಸಂಬಂಧಿಸಿದ ಇಂಥ ದಾವೆ ಹತ್ತು ಕೋಟಿ ರೂಪಾಯಿ ಮೌಲ್ಯದವರೆಗೆ ಮುಂಬಯಿ ನಗರ ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಸೇರುತ್ತದೆ. 2024ರ ಜನವರಿಗೆ ಮೊದಲು ಈ ಮಿತಿ ಒಂದು ಕೋಟಿಯಾಗಿತ್ತು.

ಮಾರುವವನು ನಿರ್ಮಾಪಕನಾದಲ್ಲಿ

ಹೊಸ ಕಟ್ಟಡದ ಫ್ಲ್ಯಾಟನ್ನು ಬಿಲ್ಡರನಿಂದ ಕೊಳ್ಳುವವರಿಗೆ ಹೆಚ್ಚಿನ ಮಾರ್ಗಗಳಿವೆ. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮದಡಿ ಮಹಾರಾಷ್ಟ್ರದ ಪ್ರಾಧಿಕಾರವಾದ ಮಹಾರೇರಾ 2017ರ ಮೇ ತಿಂಗಳಿಂದ ಕಾರ್ಯನಿರ್ವಹಿಸುತ್ತಿದೆ. ಕರಾರನ್ನು ನೋಂದಾಯಿಸದೆ ಬಿಲ್ಡರನು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಒಪ್ಪಿದ ದಿನಕ್ಕೆ ಸ್ವಾಧೀನ ಕೊಡದಿದ್ದರೆ 18ನೆಯ ಕಲಮಿನಂತೆ ಖರೀದಿದಾರನು ಯೋಜನೆಯಿಂದ ಹೊರಬಂದು ಬಡ್ಡಿಸಹಿತ ಹಣ ಪಡೆಯಬಹುದು. ಅಥವಾ ಫ್ಲ್ಯಾಟೇ ಬೇಕೆಂದರೆ ವಿಳಂಬವಾದ ಪ್ರತಿ ತಿಂಗಳಿಗೆ ಬಡ್ಡಿ ಪಡೆಯಬಹುದು. ಬಾಕಿ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿದೆ.

ಗ್ರಾಹಕ ಆಯೋಗದ ಮಾರ್ಗವೂ ತೆರೆದಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಹೇಳಿದೆ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆದರೆ ಹಳೆಯ ಫ್ಲ್ಯಾಟನ್ನು ಅದರ ಮಾಲೀಕನಿಂದ ನೇರವಾಗಿ ಕೊಳ್ಳುವವರ ವಿವಾದಕ್ಕೆ ಸಿವಿಲ್ ನ್ಯಾಯಾಲಯವೇ ಸೂಕ್ತ ಸ್ಥಳ.

ಬಿಲ್ಡರನ ಹೊಣೆ ಫ್ಲ್ಯಾಟಿನ ಬೀಗದ ಕೈ ಕೊಡುವುದರೊಂದಿಗೆ ಮುಗಿಯುವುದಿಲ್ಲ. ಜಮೀನು ಮತ್ತು ಕಟ್ಟಡವನ್ನು ನಿವಾಸಿಗಳ ಸಹಕಾರಿ ಸಂಘದ ಹೆಸರಿಗೆ ವರ್ಗಾಯಿಸುವುದನ್ನೂ ಮಹಾರಾಷ್ಟ್ರದ 1963ರ ಫ್ಲ್ಯಾಟು ಮಾಲೀಕತ್ವದ ಅಧಿನಿಯಮವು ಕಡ್ಡಾಯಗೊಳಿಸಿದೆ. ಹಲವೆಡೆ ಇದು ದಶಕಗಳ ಕಾಲ ಬಾಕಿ ಉಳಿದುದರಿಂದ, 2008ರ ತಿದ್ದುಪಡಿಯು ‘ಡೀಮ್ಡ್ ಕನ್ವೇಯನ್ಸ್’ ಎಂಬ ಪರಿಹಾರವನ್ನು ತಂದಿತು. ಬಿಲ್ಡರನು ಸಹಕರಿಸದಿದ್ದರೂ ಸಂಘದ ಅರ್ಜಿಯ ಮೇಲೆ ಸಕ್ಷಮ ಪ್ರಾಧಿಕಾರಿಯು ವಿಚಾರಣೆ ನಡೆಸಿ ವರ್ಗಾವಣೆಯ ಪ್ರಮಾಣಪತ್ರ ನೀಡಬಹುದು. ಹಳೆಯ ಕಟ್ಟಡಗಳು ಪುನರ್ನಿರ್ಮಾಣಕ್ಕೆ ಸಿದ್ಧವಾಗುವ ಚೆಂಬೂರಿನಂಥ ಪ್ರದೇಶದಲ್ಲಿ, ಜಮೀನು ಯಾರ ಹೆಸರಿನಲ್ಲಿದೆ ಎಂಬುದರ ಮೇಲೆ ಪ್ರತಿ ನಿವಾಸಿಯ ಹಿತ ಅವಲಂಬಿಸಿದೆ.

ಕಾನೂನು ನೆರವು

ವಕೀಲರ ಶುಲ್ಕ ಭರಿಸಲಾಗದವರು ನಿರಾಶರಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಮತ್ತು ನಿಗದಿತ ಮಿತಿಗಿಂತ ಕಡಿಮೆ ವರಮಾನವುಳ್ಳವರು ಉಚಿತ ಕಾನೂನು ಸೇವೆಗೆ ಅರ್ಹರು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ನೇರವಾಗಿಯೂ, 15100 ದೂರವಾಣಿ ಸಂಖ್ಯೆಯ ಮೂಲಕವೂ ಸಂಪರ್ಕಿಸಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ.

ಕರಾರನ್ನು ಬರಹದಲ್ಲಿ ಮಾಡಿ, ತಕ್ಕ ಮುದ್ರಾಂಕ ಶುಲ್ಕ ತೆತ್ತು ನೋಂದಾಯಿಸುವುದು. ಹಣವನ್ನು ಬ್ಯಾಂಕಿನ ಮೂಲಕ ಪಾವತಿ ಮಾಡುವುದು. ಮಾರಾಟಗಾರನು ಹಿಂಜರಿದ ಕೂಡಲೇ ಬರಹದ ಮೂಲಕ ಒತ್ತಾಯಿಸುವುದು. ದಿನ ಕಳೆಯದೆ ನ್ಯಾಯಾಲಯವನ್ನು ಸೇರುವುದು: ಈ ನಾಲ್ಕನ್ನು ಪಾಲಿಸಿದ ಖರೀದಿದಾರನ ಕೈಯಲ್ಲಿ ಕ್ರಯಕರಾರು ಕಾನೂನಿನ ಬಲವುಳ್ಳ ದಾಖಲೆಯಾಗಿರುತ್ತದೆ.