ಓಸ್ಲರ್ ಸಂಸ್ಥೆಯ ಗಾಜಿನ ದೀಪಗಳು: ಒಂದು ಕೈಗಾರಿಕೆಯ ಚರಿತ್ರೆ

ಅರಮನೆಗಳ ದರ್ಬಾರು ಮಂದಿರಗಳಲ್ಲಿ ತೂಗುವ ಗಾಜಿನ ಗೊಂಚಲುದೀಪಗಳನ್ನು ನಾವು ಸಾಮಾನ್ಯವಾಗಿ ರಾಜವೈಭವದ ಕುರುಹುಗಳೆಂದು ಭಾವಿಸಿ ಮುಂದೆ ಸಾಗುತ್ತೇವೆ. ಅವು ಎಲ್ಲಿ ತಯಾರಾದುವು, ಸಮುದ್ರವನ್ನು ದಾಟಿ ಒಡೆಯದೆ ಹೇಗೆ ಬಂದುವು, ಮೇಣದ ಬತ್ತಿಗಾಗಿ ಹುಟ್ಟಿದ ವಸ್ತು ವಿದ್ಯುತ್ತಿನ ಕಾಲದಲ್ಲಿಯೂ ಹೇಗೆ ಉಳಿಯಿತು ಎಂಬ ಪ್ರಶ್ನೆಗಳು ಏಳುವುದು ವಿರಳ. ಆರ್ಥಿಕ ಚರಿತ್ರೆಯ ವಿದ್ಯಾರ್ಥಿಗಾದರೋ ಇವೇ ಮುಖ್ಯವಾದ ಪ್ರಶ್ನೆಗಳು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಂದು ಶತಮಾನಕ್ಕೂ ಮೀರಿ ನಡೆದ, ಭಾರತದೊಡನೆ ನಿಕಟವಾದ ವ್ಯಾಪಾರಸಂಬಂಧವನ್ನು ಹೊಂದಿದ್ದ ಓಸ್ಲರ್ ಸಂಸ್ಥೆಯ ಚರಿತ್ರೆ ಅವುಗಳಿಗೆ ತಕ್ಕಮಟ್ಟಿಗೆ ಉತ್ತರ ನೀಡುತ್ತದೆ.

ಸಂಸ್ಥೆಯನ್ನು 1807ರಲ್ಲಿ ಸ್ಥಾಪಿಸಿದವನು ತಾಮಸ್ ಓಸ್ಲರ್. ಗಾಜಿನ ಮಣಿ, ಆಟಿಕೆ, ದೀಪಗಳಿಗೆ ಕಟ್ಟುವ ಲೋಲಕ ಮೊದಲಾದ ಸಣ್ಣ ವಸ್ತುಗಳೇ ಅದರ ಆರಂಭದ ಬಂಡವಾಳವಾಗಿದ್ದುವು. ಕುಶಲಕರ್ಮಿಗಳ ಸ್ಥಿತಿಗತಿಗಳನ್ನು ವಿಚಾರಿಸಲು 1824ರಲ್ಲಿ ಕುಳಿತ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಓಸ್ಲರನು ನೀಡಿದ ಸಾಕ್ಷ್ಯವೊಂದನ್ನು ಚಾರ್ಲ್ಸ್ ಬ್ಯಾಬೇಜನು 1832ರಲ್ಲಿ ಪ್ರಕಟಿಸಿದ, ಯಂತ್ರೋತ್ಪಾದನೆಯ ಅರ್ಥಶಾಸ್ತ್ರವನ್ನು ಕುರಿತ ತನ್ನ ಗ್ರಂಥದಲ್ಲಿ ಎತ್ತಿಕೊಂಡಿದ್ದಾನೆ. ಲಂಡನ್ನಿನ ವರ್ತಕನೊಬ್ಬನು ಬೊಂಬೆಗಳಿಗೆ ಕಣ್ಣು ಮಾಡಿಕೊಡುವೆಯಾ ಎಂದು ಕೇಳಿದಾಗ ಓಸ್ಲರನಿಗೆ ಅದು ತನ್ನ ಘನತೆಗೆ ಕುಂದೆಂದೇ ತೋರಿತಂತೆ. ಆದರೆ ವರ್ತಕನು ಕೊಡಲಿದ್ದ ಬೇಡಿಕೆಯ ಮೊತ್ತ 500 ಪೌಂಡು! ಮಗುವಿಗೊಂದು ಬೊಂಬೆ, ವರ್ಷಕ್ಕೊಂದು ಹೊಸತು ಎಂದು ಲೆಕ್ಕ ಹಾಕಿ ನೋಡಿದಾಗ ಆ ಕ್ಷುಲ್ಲಕ ವಸ್ತುವಿನ ವ್ಯಾಪಾರ ಎಷ್ಟು ದೊಡ್ಡದೆಂಬುದು ಅವನಿಗೆ ಹೊಳೆಯಿತು. ಈ ಪ್ರಸಂಗದಲ್ಲಿ ಸಂಸ್ಥೆಯ ಮುಂದಿನ ಏಳಿಗೆಯ ಸೂತ್ರವೇ ಅಡಗಿದೆ. ದೊಡ್ಡದೆಂಬುದು ಸಣ್ಣದರ ಗುಣಾಕಾರ. ನೂರಾರು ಲೋಲಕಗಳನ್ನು ಒಂದೇ ಅಳತೆಗೆ ತಯಾರಿಸಬಲ್ಲವನಿಗೆ ಗೊಂಚಲುದೀಪ ಅಸಾಧ್ಯವಾದುದೇನಲ್ಲ.

ಇಲ್ಲಿ ಗಾಜಿನ ಗುಣವನ್ನೂ ಕೆಲಸದ ಕ್ರಮವನ್ನೂ ಸ್ವಲ್ಪ ವಿವರಿಸುವುದು ಅವಶ್ಯ. ಇಂಗ್ಲೆಂಡಿನ ಸ್ಫಟಿಕಗಾಜಿಗೆ ಸೀಸದ ಆಕ್ಸೈಡನ್ನು ಹೇರಳವಾಗಿ ಬೆರೆಸುತ್ತಿದ್ದರು. ಅದರಿಂದ ಗಾಜು ಮೃದುವಾಗಿ ಕೊರೆತಕ್ಕೆ ಒಗ್ಗುವುದಲ್ಲದೆ, ಬೆಳಕನ್ನು ಹೆಚ್ಚಾಗಿ ಬಾಗಿಸಿ ಬಣ್ಣಗಳಾಗಿ ಒಡೆಯುವ ಶಕ್ತಿಯನ್ನೂ ಪಡೆಯುತ್ತದೆ. ಕುಲುಮೆಯಿಂದ ಬಂದ ತುಂಡನ್ನು ಮರಳು ನೀರು ಸುರಿಯುವ ಕಬ್ಬಿಣದ ಚಕ್ರಕ್ಕೆ ಒಡ್ಡಿ ಮುಖಗಳನ್ನು ಕೊರೆಯುವುದು ಮೊದಲನೆಯ ಹಂತ. ಕಲ್ಲಿನ ಚಕ್ರದಲ್ಲಿ ನಯಗೊಳಿಸುವುದು ಎರಡನೆಯದು. ಮರದ ಚಕ್ರದಲ್ಲಿ ನುಣುಪು ಪುಡಿಯಿಂದ ಹೊಳಪು ನೀಡುವುದು ಕೊನೆಯದು. ಚಕ್ರವನ್ನು ಉಗಿಯಂತ್ರ ತಿರುಗಿಸಿದರೂ ತುಂಡನ್ನು ಹಿಡಿದು ಕೋನವನ್ನು ನಿರ್ಣಯಿಸುತ್ತಿದ್ದುದು ಕೆಲಸಗಾರನ ಕೈ ಮತ್ತು ಕಣ್ಣುಗಳೇ.

1831ರಲ್ಲಿ ತಾಮಸನ ಮಕ್ಕಳಾದ ಫಾಲೆಟ್ ಮತ್ತು ಕ್ಲಾರ್ಕ್‌ಸನ್ ಆಡಳಿತವನ್ನು ವಹಿಸಿಕೊಂಡರು. ಇವರಲ್ಲಿ ಫಾಲೆಟ್ ಓಸ್ಲರ್ (1808-1903) ಬರಿಯ ವರ್ತಕನಾಗಿರಲಿಲ್ಲ. ಗಾಳಿಯ ಒತ್ತಡವನ್ನು ತಾನೇ ದಾಖಲಿಸಿಕೊಳ್ಳುವ ಮಾಪಕವನ್ನು 1835ರಲ್ಲಿ ರಚಿಸಿ, 1855ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವದ ಗೌರವಕ್ಕೆ ಪಾತ್ರನಾದ ವಿಜ್ಞಾನಿ ಅವನು. ಕಾಲವೂ ಇವರಿಗೆ ಅನುಕೂಲವಾಯಿತು. ಇಂಗ್ಲೆಂಡಿನಲ್ಲಿ ನೂರು ವರ್ಷಗಳಷ್ಟು ಕಾಲ ಗಾಜಿನ ಮೇಲೆ ತೂಕಕ್ಕನುಗುಣವಾಗಿ ಸುಂಕವಿದ್ದಿತು. ಸುಂಕದ ಅಧಿಕಾರಿಗಳ ಕಣ್ಗಾವಲು ಕುಲುಮೆಯವರೆಗೂ ಚಾಚಿಕೊಂಡಿದ್ದಿತು. 1845ರಲ್ಲಿ ಪ್ರಧಾನಿ ಪೀಲನ ಸರಕಾರ ಈ ಸುಂಕವನ್ನು ತೆಗೆದುಹಾಕಿದೊಡನೆ ಭಾರವಾದ ದೊಡ್ಡ ಕೃತಿಗಳಿಗೆ ಹಾದಿ ತೆರೆಯಿತು. 1847ರಲ್ಲಿಯೇ ಓಸ್ಲರ್ ಸಂಸ್ಥೆ ಈಜಿಪ್ಟಿನ ಇಬ್ರಾಹಿಂ ಪಾಷಾನಿಗಾಗಿ ಎತ್ತರವಾದ ಗಾಜಿನ ದೀಪಸ್ತಂಭಗಳನ್ನು ನಿರ್ಮಿಸಿತು.

1851ರ ಲಂಡನ್ನಿನ ಮಹಾಪ್ರದರ್ಶನ ಸಂಸ್ಥೆಯ ಕೀರ್ತಿಯ ಶಿಖರ. ಸ್ಫಟಿಕಭವನದ ನಟ್ಟನಡುವೆ ಓಸ್ಲರರು ನಿಲ್ಲಿಸಿದ ಗಾಜಿನ ಕಾರಂಜಿಯ ಎತ್ತರ 27 ಅಡಿ; ಅದಕ್ಕೆ ಹಿಡಿದ ಗಾಜು 4 ಟನ್ನು. ನೋಡುವವರಿಗೆ ಅದು ಕೇವಲ ಗಾಜಿನ ಬಲದಿಂದಲೇ ನಿಂತಂತೆ ತೋರುತ್ತಿದ್ದಿತು. ವಾಸ್ತವವಾಗಿ ಗಾಜಿನ ಕಂಬಗಳೊಳಗೆ ತೆಳುವಾದ ಕಬ್ಬಿಣದ ಸರಳುಗಳನ್ನು ಹೊರಗೆ ಕಾಣದಂತೆ ಹುದುಗಿಸಿದ್ದರು. ಪ್ರದರ್ಶನದ ಅನಂತರ ಭವನದೊಡನೆ ಕಾರಂಜಿಯೂ ಸಿಡನ್‌ಹ್ಯಾಮಿಗೆ ಸಾಗಿತು. 1936ರ ನವೆಂಬರ್ 30ರ ರಾತ್ರಿ ಭವನ ಬೆಂಕಿಗೆ ಆಹುತಿಯಾದಾಗ ಅದೂ ನಾಶವಾಯಿತು.

ಕಣ್ಣಿಗೆ ಬೀಳದ ಈ ಲೋಹದ ಅಸ್ಥಿಪಂಜರವೇ ಓಸ್ಲರ್ ಕೃತಿಗಳ ನಿಜವಾದ ಆಧಾರ. ಗೊಂಚಲುದೀಪದಲ್ಲಿಯೂ ಇದೇ ಕ್ರಮ. ನಡುವೆ ಒಂದು ಲೋಹದ ದಂಡ. ಅದಕ್ಕೆ ಮಣಿಗಳಂತೆ ಪೋಣಿಸಿದ ಗಾಜಿನ ಬಟ್ಟಲುಗಳು ಮತ್ತು ಕೊಳವೆಗಳು. ಕೆಳಗೆ ತೋಳುಗಳನ್ನು ಸಿಕ್ಕಿಸುವ ಗೂಡುಗಳುಳ್ಳ ಲೋಹದ ತಟ್ಟೆ. ತೋಳುಗಳಿಗೆ ತಂತಿಯಿಂದ ಕಟ್ಟಿದ ಲೋಲಕಗಳು. ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿಗೇರಿಸಬಹುದು. ದೂರದ ಊರಿನಲ್ಲಿ ಮತ್ತೆ ಜೋಡಿಸಬಹುದು. ಒಂದು ಭಾಗ ಒಡೆದರೆ ಅದೇ ಮಾದರಿಯ ಇನ್ನೊಂದನ್ನು ತರಿಸಬಹುದು. ಸಂಸ್ಥೆ 1840ರ ದಶಕದಲ್ಲಿಯೇ ಕಲ್ಕತ್ತೆಯಲ್ಲಿ ಮಳಿಗೆಯನ್ನು ತೆರೆಯಲು ಸಾಧ್ಯವಾದುದು ಈ ಏರ್ಪಾಡಿನಿಂದಲೇ ಎಂದು ಹೇಳಬಹುದು.

ಭಾರತದ ಪೇಟೆಗಾಗಿ ವಿನ್ಯಾಸವೂ ಮಾರ್ಪಾಡು ಹೊಂದಿತು. ಪಂಖಾ ಎಳೆಯುವ ಕೊಠಡಿಯಲ್ಲಿ ತೆರೆದ ಬತ್ತಿ ನಿಲ್ಲದು. ಆದುದರಿಂದ ಇಲ್ಲಿಗೆ ಬರುವ ದೀಪಗಳ ಪ್ರತಿಯೊಂದು ಬತ್ತಿಗೂ ಗಾಳಿಯನ್ನು ತಡೆಯುವ ಗಾಜಿನ ಮರೆಯನ್ನು ಒದಗಿಸುತ್ತಿದ್ದರು. ದೇಶೀಯ ಸಂಸ್ಥಾನಗಳ ಬೇಡಿಕೆ ದೀಪಗಳಿಗಷ್ಟೇ ನಿಲ್ಲಲಿಲ್ಲ. ಉದಯಪುರದ ಮಹಾರಾಣಾ ಸಜ್ಜನ ಸಿಂಹನು 1877ರಲ್ಲಿ ಓಸ್ಲರ್ ಸಂಸ್ಥೆಗೆ ಗಾಜಿನ ಕುರ್ಚಿ, ಮೇಜು, ಮಂಚಗಳನ್ನೂ ತಯಾರಿಸಿಕೊಡುವಂತೆ ಬರೆಯಿಸಿದನು. ಆದರೆ ಅವು ಬಂದು ಸೇರುವ ಮುನ್ನವೇ, 1884ರಲ್ಲಿ, ಅವನು ತೀರಿಕೊಂಡನು. ದೀರ್ಘಕಾಲ ಮುಚ್ಚಿಟ್ಟಿದ್ದ ಆ ಸಂಗ್ರಹವನ್ನು ಸಾರ್ವಜನಿಕರಿಗೆ ತೋರಿಸಲು ಆರಂಭಿಸಿದುದು 1994ರಲ್ಲಿ.

ಈ ನಡುವೆ ಬೆಳಕಿನ ಮೂಲವೇ ಎರಡು ಬಾರಿ ಬದಲಾಯಿತು. ಅನಿಲದ ದೀಪ ಬಂದಾಗ ತೋಳುಗಳೊಳಗೆ ಕೊಳವೆಗಳನ್ನು ಒಯ್ಯಬೇಕಾಯಿತು; ವಿದ್ಯುತ್ತು ಬಂದಾಗ ತಂತಿಗಳನ್ನು. ಎರಡು ಸಂದರ್ಭಗಳಲ್ಲಿಯೂ ಮೂಲ ರಚನೆ ಉಳಿದು ತೋಳುಗಳು ಮಾತ್ರ ಮಾರ್ಪಟ್ಟುವು. ಆದರೆ ವಿದ್ಯುತ್ತಿನ ಪರಿಣಾಮ ಇನ್ನೂ ಆಳವಾದುದು. ಜ್ವಾಲೆ ಮೇಲ್ಮುಖವಾಗಿಯೇ ಉರಿಯಬೇಕು. ವಿದ್ಯುದ್ದೀಪವಾದರೋ ತಲೆಕೆಳಗಾಗಿಯೂ ತೂಗಬಲ್ಲುದು. ಮೇಣದ ಬತ್ತಿಯ ಮಂದವಾದ, ಸದಾ ನಡುಗುವ ಜ್ವಾಲೆಯನ್ನು ನೂರು ಮುಖಗಳಲ್ಲಿ ಪ್ರತಿಫಲಿಸಿ ಹೆಚ್ಚಿಸುವುದು ಲೋಲಕದ ಕೆಲಸವಾಗಿದ್ದಿತು. ಪ್ರಖರವೂ ನಿಶ್ಚಲವೂ ಆದ ವಿದ್ಯುದ್ದೀಪಕ್ಕೆ ಬೇಕಾದುದು ಬೆಳಕನ್ನು ಮೃದುಗೊಳಿಸುವ ಮರೆಯೇ ಹೊರತು ಹೆಚ್ಚಿಸುವ ಸ್ಫಟಿಕವಲ್ಲ. ಹೀಗೆ ಉಪಯೋಗದ ಅಂಗವಾಗಿದ್ದುದು ಕೇವಲ ಅಲಂಕಾರವಾಯಿತು. 1920ರ ದಶಕದಲ್ಲಿ ಸಂಸ್ಥೆ ದೀಪೋಪಕರಣಗಳನ್ನು ತಯಾರಿಸುತ್ತಿದ್ದ ಫ್ಯಾರಡೇ ಕಂಪನಿಯೊಡನೆ ಒಂದುಗೂಡಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ವ್ಯವಹಾರ ಮುಕ್ತಾಯಗೊಂಡಿತು.

ಈ ಚರಿತ್ರೆಗೆ ನಮ್ಮ ಕಡೆಯಿಂದ ನೋಡಬೇಕಾದ ಇನ್ನೊಂದು ಮುಖವಿದೆ. ಕಲ್ಕತ್ತೆಗೆ ಬಂದುದು ಮಳಿಗೆ. ಕುಲುಮೆ ಬರ್ಮಿಂಗ್‌ಹ್ಯಾಮಿನಲ್ಲಿಯೇ ಉಳಿಯಿತು. ಬಿಡಿಭಾಗಗಳಾಗಿ ಸಾಗಿಸಬಲ್ಲ ದೀಪವನ್ನು ಕೊಳ್ಳುವ ದೇಶಕ್ಕೆ ಅದನ್ನು ಜೋಡಿಸುವುದು ತಿಳಿದರೆ ಸಾಕಾಗಿದ್ದಿತು; ಗಾಜು ಕರಗಿಸುವ, ಕೊರೆಯುವ ವಿದ್ಯೆ ಹಡಗನ್ನೇರುವ ಪ್ರಮೇಯವೇ ಬರಲಿಲ್ಲ. ಸಂಸ್ಥೆಯನ್ನು ದೂರದೇಶಗಳಿಗೆ ಹಬ್ಬಿಸಿದ ಜಾಣ್ಮೆಯೇ ವಿದ್ಯೆಯನ್ನು ಒಂದೇ ಊರಿನಲ್ಲಿ ಹಿಡಿದಿಟ್ಟಿತು. ಪುಣೆಯ ಸಮೀಪದ ತಳೇಗಾಂವಿನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಆರಂಭವಾದುದು ಇದಕ್ಕೆ ತೀರ ಭಿನ್ನವಾದ ಹಾದಿಯಲ್ಲಿ. ಜನರಿಂದ ಒಂದೊಂದು ಪೈಸೆಯಂತೆ ಕೂಡಿಸಿದ ನಿಧಿ ಅದರ ಬಂಡವಾಳ. ವಿದೇಶದಲ್ಲಿ ಗಾಜಿನ ವಿದ್ಯೆಯನ್ನು ಕಲಿತು ಬಂದ ಈಶ್ವರದಾಸ ವಾರ್ಷ್ಣೇಯರು ಅದರ ಮಾರ್ಗದರ್ಶಕರು. ಕೆಲಸಗಾರರಿಗೆ ತರಬೇತಿ ನೀಡುವುದು ಅದರ ಮುಖ್ಯೋದ್ದೇಶಗಳಲ್ಲೊಂದು. ಅಲ್ಲಿ ಗೊಂಚಲುದೀಪಗಳ ವೈಭವವಿರಲಿಲ್ಲ. ಆದರೆ ಕುಲುಮೆ ಇದ್ದಿತು, ಕಲಿಯುವವರಿದ್ದರು.

ಹಳೆಯ ಅರಮನೆಗಳ ದೀಪಗಳನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಬೆಲೆಯನ್ನೂ ತೂಕವನ್ನೂ ಮಾತ್ರ ಬರೆದುಕೊಂಡು ತೃಪ್ತರಾಗಬಾರದು. ತೋಳುಗಳು ಮೇಲ್ಮುಖವೋ ಕೆಳಮುಖವೋ, ಗಾಳಿಮರೆಗಳಿವೆಯೋ ಇಲ್ಲವೋ, ತಂತಿಗಳು ಮೊದಲಿನಿಂದಲೂ ಇದ್ದುವೋ ಅನಂತರ ಸೇರಿಸಿದುವೋ, ಒಡೆದ ಲೋಲಕಕ್ಕೆ ಬದಲಾಗಿ ಬಂದುದು ಎಂಥ ಗಾಜು ಎಂಬುದನ್ನು ಪರಿಶೀಲಿಸಬೇಕು. ಕೊಳ್ಳುವವನ ಐಶ್ವರ್ಯದಷ್ಟೇ ಸ್ಪಷ್ಟವಾಗಿ ಮಾಡಿದವರ ಕೈವಾಡವನ್ನೂ, ಜೋಡಿಸಿ ಕಾಪಾಡಿದವರ ಪರಿಶ್ರಮವನ್ನೂ ಆ ಗುರುತುಗಳಿಂದ ಓದಬಹುದು.